ನೀರು ಕಡಿಮೆ ಖರ್ಚಾದ ಮನೆ

ಸದಾಶಿವ ಪೇಠ

ವಿದೇಶಕ್ಕೆ ಹೋಗಿ ಬಂದವರನ್ನು ಜನ ಮೊದಲು ಕೇಳುವುದು ಫೋಟೋ. ನನ್ನ ಫೋನಿನಲ್ಲಿರುವ ಬೆಲ್ಜಿಯಂ ಫೋಟೋಗಳಲ್ಲಿ ಹೆಚ್ಚಿನವು ಒಂದು ನೀರಿನ ಮೀಟರಿನವು. ಮುಂದಿನಿಂದ, ಪಕ್ಕದಿಂದ, ಮುಚ್ಚಳ ತೆರೆದು, ಮುಚ್ಚಳ ಹಾಕಿ. ಹೆಂಡತಿ ಸುಧಾ ಒಂದೆರಡು ನೋಡಿ, "ಚಲೋ ಬಂದಾವ" ಎಂದು ಫೋನು ವಾಪಸು ಕೊಟ್ಟಳು.

ನಾನು ಪುಣೆಯಲ್ಲಿ ತೆರಿಗೆ ಸಲಹೆಗಾರ. ಹುಟ್ಟಿದ್ದು ಧಾರವಾಡ, ಅನ್ನ ಕೊಟ್ಟಿದ್ದು ಸದಾಶಿವ ಪೇಠ. ಕೆಳಗೆ ಸ್ಟೇಷನರಿ ಅಂಗಡಿ, ಮೇಲೆ ಕೋಚಿಂಗ್ ಕ್ಲಾಸು, ನಡುವಿನ ಮಹಡಿಯಲ್ಲಿ ನನ್ನ ಕಚೇರಿ. ಮೊದಲೆಲ್ಲ ಕಕ್ಷಿದಾರರು ಅಧಿಕಾರಿಗೆ ಹೆದರುತ್ತಿದ್ದರು, ಈಗ ಕಂಪ್ಯೂಟರಿಗೆ ಹೆದರುತ್ತಾರೆ. ಕೊಂಢವಾ ಬಡಾವಣೆಯ ಟೈಲ್ಸ್ ವ್ಯಾಪಾರಿಯೊಬ್ಬರು ತೆರಿಗೆ ಇಲಾಖೆಯಿಂದ ಫೋನಿಗೆ ಬಂದ ಸಂದೇಶ ತೋರಿಸಿ, "ಸಾಹೇಬ, ಮೀ ಗಾಡೀ ಘೇತಲೀ ಹೇ ತ್ಯಾಲಾ ಕಸಂ ಕಳಲಂ?" ಎಂದು ಕೇಳುತ್ತಾರೆ. ತಾನು ಗಾಡಿ ಕೊಂಡದ್ದು ಅದಕ್ಕೆ ಹೇಗೆ ಗೊತ್ತಾಯಿತು ಅಂತ. ಕೇಳುವಾಗ ದನಿ ತಗ್ಗಿಸುತ್ತಾರೆ, ಮೂಲೆಯಲ್ಲಿರುವ ನನ್ನ ಕಂಪ್ಯೂಟರ್ ಕೇಳಿಸಿಕೊಂಡೀತು ಎಂಬಂತೆ. ಬ್ಯಾಂಕು, ವಿಮೆ, ಗಾಡಿಯ ನೋಂದಣಿ ಎಲ್ಲ ಮಾಹಿತಿ ಒಂದೆಡೆ ಸೇರುತ್ತದೆ, ಒಂದಕ್ಕೊಂದು ಹೊಂದದ್ದನ್ನು ಯಂತ್ರ ಎತ್ತಿ ತೋರಿಸುತ್ತದೆ ಎಂದು ನಾನು ದೊಡ್ಡ ಪಂಡಿತನ ಗತ್ತಿನಲ್ಲಿ ವಿವರಿಸುತ್ತೇನೆ. ಆ ಗತ್ತೇ ನನ್ನನ್ನು ವಿಮಾನ ಹತ್ತಿಸಿತು.

ಬೆಲ್ಜಿಯಂನಲ್ಲಿ ನನ್ನ ಅಕ್ಕ ವಿಮಲಾ ಇದ್ದಾಳೆ. ಭಾವ ಪುಣೆಯ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಕಂಪನಿಯವರೇ ಅಲ್ಲಿಗೆ ಕಳಿಸಿದರು. ಹೋದವರು ಅಲ್ಲೇ ಮನೆ ಕೊಂಡು ನಿಂತರು. ಮಕ್ಕಳಾಗಲಿಲ್ಲ. ಮೂರು ವರ್ಷಗಳ ಹಿಂದೆ, ದೀಪಾವಳಿ ಮುಗಿದ ವಾರ ಭಾವ ತೀರಿಕೊಂಡರು. ಆಮೇಲೆ ಆ ಮನೆಯಲ್ಲಿ ಅಕ್ಕ ಒಬ್ಬಳೇ. ಊರಿನ ಹೆಸರು ಬರೆಯಬೇಡ ಎಂದಿದ್ದಾಳೆ, ಬರೆಯುವುದಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವಳ ಫೋನು ಬಂತು. "ರಾಘು, ಇಲ್ಲೆ ನಗರಸಭಾದ ಟ್ಯಾಕ್ಸ್‌ನವರು ಒಂದು ನೋಟಿಸ್ ಕಳಿಸ್ಯಾರ. ನನ್ನ ಮನ್ಯಾಗ ಯಾರೂ ಇರೂದಿಲ್ಲಂತ."

"ಯಾರೂ ಇರೂದಿಲ್ಲ ಅಂದ್ರ? ನೀ ಎಲ್ಲಿಂದ ಮಾತಾಡ್ಲಿಕತ್ತಿ ಮತ್ತ?"

"ಮನ್ಯಾಗಿಂದನ."

ಫೋಟೋ ತೆಗೆದು ಕಳಿಸಿದಳು. ಆ ದೇಶದಲ್ಲಿ ಮನೆ ಖಾಲಿ ಬಿಟ್ಟರೆ ತೆರಿಗೆ ಇದೆ, ಮನೆ ಇಲ್ಲದವರಿಗೆ ಮನೆ ಸಿಗಲಿ ಎಂಬ ಒಳ್ಳೆಯ ಉದ್ದೇಶಕ್ಕೆ. ಯಾವ ಮನೆ ಖಾಲಿ ಎಂದು ಹುಡುಕುವ ಕೆಲಸವನ್ನು ಆ ಊರಿನ ತೆರಿಗೆ ವಿಭಾಗ ಒಂದು ಯಂತ್ರಬುದ್ಧಿಗೆ ಒಪ್ಪಿಸಿದೆ. ಅಕ್ಕನ ಮನೆ ಖಾಲಿ ಎಂದು ಅದು ಹೇಳಿದೆ. ತೆರಿಗೆ ದೊಡ್ಡದೇನಲ್ಲ, ಕಟ್ಟಿ ಬಿಡಬಹುದಿತ್ತು. ಕೆಳಗಿನ ಸಾಲು ನನ್ನನ್ನು ಹೆದರಿಸಿತು. ಅಲ್ಲಿ ವಾಸವಿಲ್ಲದವರ ಹೆಸರನ್ನು ಊರಿನ ನಿವಾಸಿಗಳ ಪಟ್ಟಿಯಿಂದ ತೆಗೆಯುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಕ್ಕನಿಗೆ ಅಲ್ಲಿರುವ ಪರವಾನಗಿಯೂ ಉಳಿಯುವುದಿಲ್ಲ.

"ಅದನ್ನ ಬಿಟ್ಟು ಇತ್ತ ಬಾ ಅಕ್ಕಾ, ಪುಣೆಗೆ" ಎಂದೆ.

"ನಿನ್ನ ಮನ್ಯಾಗ ನಾ ಬಂದು ಹೋಗೂ ಪಾವಣಿ ಆಗ್ತೀನಿ" ಎಂದಳು ಅಕ್ಕ. "ಸುಧಾ ಒಳ್ಳೆಯಾಕಿ ಇದ್ದಾಳ, ದಿನಾ ಚಹಾ ಮಾಡಿ ಕೈಯಾಗ ಕೊಡ್ತಾಳ. ಅದಽ ಬ್ಯಾಡ ನನಗ. ಮನಿ ಯಜಮಾನಿ ಅಂತ ನನ್ನ ಹೆಸರು ಬರದದ್ದು ಜಗತ್ತಿನ್ಯಾಗ ಇದೊಂದ ಊರಾಗ."

ನಾನು ವೀಸಾಕ್ಕೆ ಅರ್ಜಿ ಹಾಕಿದೆ.

ಬಸ್ ನಿಲ್ದಾಣ

ವಿಮಾನದ ಬಗ್ಗೆ ಬರೆಯುವುದು ಏನೂ ಇಲ್ಲ, ಕಾಲು ಬಾತುಕೊಂಡವು ಅಷ್ಟೆ. ನನ್ನ ಮೊದಲ ಸೋಲು ಆದದ್ದು ರೈಲಿಳಿದು ಅಕ್ಕನ ಊರಿನ ಬಸ್ಸಿಗೆ ನಿಂತಾಗ. ಬರುತ್ತೇನೆ ಎಂದ ಅವಳಿಗೆ ನಾನೇ ಬೇಡ ಎಂದಿದ್ದೆ. ಪುಣೆಯಲ್ಲಿ ಸಿಟಿ ಬಸ್ಸು ಹತ್ತುವವನಿಗೆ ಯಾವ ದೇಶದ ಬಸ್ಸೂ ಲೆಕ್ಕಕ್ಕಿಲ್ಲ ಎಂಬ ಧಿಮಾಕು.

ಮೊದಲ ಬಸ್ಸು ನಿಧಾನಕ್ಕೆ ಬಂತು, ಡ್ರೈವರು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಹೋಗಿಬಿಟ್ಟ. ಎರಡನೆಯದೂ ಹಾಗೆಯೇ. ಮಳೆ ಹನಿಯುತ್ತಿತ್ತು. ಲೋಣಾವಳಾದಲ್ಲಿ ಬರುವ ಮಳೆಗೆ ಒಂದು ಅಬ್ಬರವಿದೆ, ಮಿರ್ಚಿ ಭಜಿ ತಿನ್ನಬೇಕು ಅನ್ನಿಸುತ್ತದೆ. ಈ ಮಳೆ ಯಾರಿಗೂ ಗೊತ್ತಾಗದ ಹಾಗೆ ಬಂದು ಬೆನ್ನೆಲ್ಲ ತೋಯಿಸಿತು. ಮೂರನೆಯ ಬಸ್ಸಿಗೆ ಒಬ್ಬ ಅಜ್ಜಿ ಬಂದು, ಕೈ ಮುಂದೆ ಚಾಚಿದಳು. ಬಸ್ಸು ಅವಳ ಕಾಲ ಬುಡದಲ್ಲಿ ನಿಂತಿತು. ಇಲ್ಲಿ ನಿಲ್ದಾಣದಲ್ಲಿ ನಿಂತಿದ್ದರೆ ಸಾಲದು, ಬರುತ್ತೇನೆ ಎಂದು ಕೈ ಮಾಡಿ ಹೇಳಬೇಕು. ನಮ್ಮಲ್ಲಿ ಕೈ ಮಾಡಿದರೂ ನಿಲ್ಲುವುದಿಲ್ಲ, ಆ ಮಾತು ಬೇರೆ.

ಬಸ್ಸಿನಲ್ಲಿ ಯಾರೂ ಯಾರ ಪಕ್ಕದಲ್ಲೂ ಕೂತಿರಲಿಲ್ಲ. ನಾನು ಅಭ್ಯಾಸಬಲದಿಂದ ಒಬ್ಬಾತನ ಪಕ್ಕ ಕೂತೆ. ಬೇಕಾದಷ್ಟು ಸೀಟು ಖಾಲಿ ಇದ್ದವು. ಆತ ಮುಂದಿನ ನಿಲ್ದಾಣ ಬರುವವರೆಗೂ ಉಸಿರು ಬಿಗಿ ಹಿಡಿದಿದ್ದ.

ಅಕ್ಕನ ಬೀದಿ

ಇಟ್ಟಿಗೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತ ಬೀದಿ. ಪ್ರತಿ ಮನೆಗೂ ರಸ್ತೆಗೆ ತೆರೆದ ದೊಡ್ಡ ಕಿಟಕಿ, ಕಿಟಕಿಯಲ್ಲಿ ಪಿಂಗಾಣಿ ಬಾತುಕೋಳಿ, ಹೂದಾನಿ, ಒಂದು ಮನೆಯಲ್ಲಿ ಮರದ ಹಡಗು. ಎಲ್ಲವೂ ರಸ್ತೆಗೆ ಮುಖ ಮಾಡಿವೆ, ಹಾದುಹೋಗುವವರು ನೋಡಲಿ ಎಂದು. ಹಾದುಹೋಗುವವರು ಯಾರೂ ಇರಲಿಲ್ಲ. ಸದಾಶಿವ ಪೇಠದಲ್ಲಿ ನನ್ನ ಕಿಟಕಿಯ ಕೆಳಗೆ ಸ್ಕೂಟರ್ ಹಾರ್ನು ನಿಂತರೆ ಏನೋ ಆಗಿದೆ ಎಂದು ಜನ ಹೊರಗೆ ಬಂದು ನೋಡುತ್ತಾರೆ. ಇಲ್ಲಿ ನನ್ನ ಸೂಟ್‌ಕೇಸಿನ ಗಾಲಿಯ ಸದ್ದಿಗೆ ನಾನೇ ಮುಜುಗರಪಟ್ಟೆ.

ಅಕ್ಕ ಬಾಗಿಲು ತೆರೆದಳು. ತೆಳ್ಳಗಾಗಿದ್ದಳು. "ಸೊರಗಿ ಬಿಟ್ಟೀಯಲ್ಲೋ" ಎಂದು ಅವಳೇ ನನಗೆ ಹೇಳಿದಳು.

ಮನೆ ಮೇಲೆ ಕೆಳಗೆ ಸೇರಿ ದೊಡ್ಡದು. ಅವಳು ಇರುವುದು ಅಡುಗೆಮನೆ ಮತ್ತು ಅದರ ಪಕ್ಕದ ಒಂದು ಕೋಣೆಯಲ್ಲಿ. ಉಳಿದ ಕೋಣೆಗಳ ಹೀಟರು ಬಂದ್, ದೀಪ ಬಂದ್, ಬಾಗಿಲು ಬಂದ್. ಬಚ್ಚಲಿನಲ್ಲಿ ಶವರಿದೆ, ಅದರ ಕೆಳಗೆ ಬಕೆಟ್ಟು, ಬಕೆಟ್ಟಿನಲ್ಲಿ ಮಗ್ಗು. ಒಂದು ಬಕೆಟ್ಟಿನಲ್ಲಿ ಅವಳ ಸ್ನಾನ ಮುಗಿಯುತ್ತದೆ. ಅಕ್ಕಿ ತೊಳೆದ ನೀರು ಕುಂಡಗಳಿಗೆ. ನೆಲ ಒರೆಸಲಿಕ್ಕೆ, ಕಕ್ಕಸಿಗೆ ಹಿತ್ತಲಿನ ಮಳೆನೀರಿನ ತೊಟ್ಟಿ. ನಾವು ಬೆಳೆದ ಧಾರವಾಡದಲ್ಲಿ ನಳ ಬರುವುದು ವಾರಕ್ಕೊಮ್ಮೆ, ಬಂದರೆ ಹಬ್ಬ. ಆ ಊರಿನಲ್ಲಿ ಬೆಳೆದವರ ಕೈಯಿಂದ ನಲ್ಲಿ ಪೂರ್ತಿ ತಿರುಗುವುದೇ ಇಲ್ಲ, ನನ್ನದೂ ಅದೇ ಕತೆ.

ನೋಟಿಸಿನ ಜೊತೆಗಿದ್ದ ವಿವರಣೆಯನ್ನು ಆ ಸಂಜೆ ಮೇಜಿನ ಮೇಲೆ ಹರಡಿಕೊಂಡೆ. ನೀರಿನ ಮೀಟರು ಓಡಿಲ್ಲ. ವಿದ್ಯುತ್ತು ಫ್ರಿಜ್ಜಿಗೆ ಸಾಕಾಗುವಷ್ಟು. ಕಸದ ಡಬ್ಬಿಗೂ ಅಲ್ಲಿ ಎಲೆಕ್ಟ್ರಾನಿಕ್ ಚಿಪ್ ಇದೆ, ತೂಕ ದಾಖಲಾಗುತ್ತದೆ. ಅಕ್ಕ ಸಿಪ್ಪೆ ಸೊಪ್ಪೆಯನ್ನೆಲ್ಲ ಗೊಬ್ಬರ ಮಾಡುವವಳು, ಡಬ್ಬಿ ಹಗುರ. ಇದನ್ನೆಲ್ಲ ಕೂಡಿಸಿ ಯಂತ್ರ ಸಂಶಯಪಟ್ಟಿತು. ಆಮೇಲೆ ಅಲ್ಲಿನ ಪದ್ಧತಿಯಂತೆ ಬಡಾವಣೆಯ ಪೊಲೀಸು, ವಾಸವಿದ್ದಾರೋ ಇಲ್ಲವೋ ನೋಡಲು ಬಂದು ಗಂಟೆ ಒತ್ತಿದ್ದ, ಒಂದಲ್ಲ ಎರಡು ಸಲ. ಬಾಗಿಲು ತೆರೆಯಲಿಲ್ಲ. ಚೀಟಿ ಹಾಕಿ ಹೋಗಿದ್ದ. ಅಕ್ಕ ಅದನ್ನು ಪಿಜ್ಜಾ ಜಾಹೀರಾತಿನ ಜೊತೆ ಗೊಬ್ಬರಕ್ಕೆ ಹಾಕಿದ್ದಳು.

ಅವ್ವ ಇದ್ದಿದ್ದರೆ ಈ ಮಗಳನ್ನು ನಾಲ್ಕು ಮಂದಿಯೆದುರು ಹೊಗಳುತ್ತಿದ್ದಳು. ನೀರು ಚೆಲ್ಲುವುದಿಲ್ಲ, ದೀಪ ಉರಿಸುವುದಿಲ್ಲ, ಏನನ್ನೂ ಬಿಸಾಡುವುದಿಲ್ಲ. ಆ ಗುಣಗಳನ್ನೆಲ್ಲ ಒಟ್ಟು ಮಾಡಿ, ಇಂಥವಳು ಇಲ್ಲವೇ ಇಲ್ಲ ಎಂದು ಯಂತ್ರ ಷರಾ ಬರೆದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಇಂಥ ದಡ್ಡ ಯಂತ್ರವನ್ನು ಇಟ್ಟುಕೊಂಡು ಇವರು ಮುಂದುವರಿದ ದೇಶ ಎನ್ನಿಸಿಕೊಳ್ಳುತ್ತಾರಲ್ಲ ಎಂದು ಕೂಗಾಡಿದೆ.

ಅಕ್ಕ ಸೊಪ್ಪು ಸೋಸುತ್ತಿದ್ದಳು. "ಅದಕ್ಯಾಕ ಬೈತಿ? ಮೂರು ವರ್ಷದಾಗ ಈ ಮನಿ ಕಡೆ ನೋಡಿದ್ದು ಅದೊಂದಽ" ಎಂದಳು.

ನಾನು ಕಾಗದಗಳನ್ನು ಮಡಚಿಟ್ಟೆ. ಕನ್ನಡಕ ಒರೆಸುತ್ತ ಕೂತೆ.

ಲಾಂಡ್ರಿ

ಅಹವಾಲು ಹೇಳಿಕೊಳ್ಳಲು ನಗರಸಭೆ ಗುರುವಾರ ಕರೆದಿತ್ತು. ಅಷ್ಟರೊಳಗೆ ನನಗೆ ಸಾಕ್ಷಿ ಬೇಕಿತ್ತು, ಮನೆಯವರಲ್ಲದ ಯಾರಾದರೂ. ಪುಣೆಯಲ್ಲಾದರೆ ಹಾಲಿನವ, ಪೇಪರಿನವ, ಎದುರು ಮನೆಯ ಕಾಕೂ ಎಲ್ಲರೂ ಓಡಿ ಬಂದು, ಕೇಳದ್ದನ್ನೂ ಹೇಳುತ್ತಿದ್ದರು.

ಸೋಮವಾರ ಬೆಳಗ್ಗೆ ಅಕ್ಕ ಒಂದು ದೊಡ್ಡ ಕೈಚೀಲ ಹಿಡಿದು ಹೊರಟಳು. "ಬಜಾರಕ್ಕ ಹೋಗಿ ಬರ್ತೀನಿ, ನೀ ಮಲ್ಕೋ" ಎಂದಳು. ನಾನು ಮಲಗದೆ ಪಕ್ಕದ ಮನೆಯ ಗಂಟೆ ಒತ್ತಿದೆ. ಕಿಟಕಿಯಲ್ಲಿ ಹಡಗು ಇಟ್ಟವರ ಮನೆ ಅದು. ಎತ್ತರದ ಮುದುಕರೊಬ್ಬರು ಬಾಗಿಲು ತೆರೆದರು. ನಾನು ಯಾರೆಂದು ಇಂಗ್ಲಿಷಿನಲ್ಲಿ ಹೇಳಿದೆ.

"ಮೇಡಂ ಇನ್ನೂ ಇಲ್ಲೇ ಇದ್ದಾರೆಯೆ?" ಎಂದರು ಅವರು. "ಯಜಮಾನರು ತೀರಿಕೊಂಡ ಮೇಲೆ ನಿಮ್ಮ ದೇಶಕ್ಕೆ ಹೋದರು ಅಂದುಕೊಂಡಿದ್ದೆ."

ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವರ ಮುಖ ಕೆಂಪಾಯಿತು. ಕೂಡಿಸಿ ಕಾಫಿ ಕೊಟ್ಟರು, ಜೊತೆಗೆ ಒಂದು ಬಿಸ್ಕೀಟು. ಅಕ್ಕ ಇಲ್ಲೇ ವಾಸವಿದ್ದಾಳೆ ಎಂಬ ಪತ್ರಕ್ಕೆ ಸಹಿ ಮಾತ್ರ ಮಾಡಲಿಲ್ಲ. "ನೋಡಿಲ್ಲವಲ್ಲ, ನೋಡಿದ್ದೇನೆ ಎಂದು ಹೇಗೆ ಬರೆಯಲಿ?" ಎಂದರು. ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಅಲ್ಲಿಂದ ಎದ್ದು ಸುಮ್ಮನೆ ನಡೆದೆ. ಆ ಊರಿನಲ್ಲಿ ನಾಯಿಗಳಿಗೆ ಜನ ನಿಂತು ನಮಸ್ಕಾರ ಹೇಳುತ್ತಾರೆ. ನಾಯಿ ಹಿಡಿದವರಿಗೆ ಹೇಳುವುದಿಲ್ಲ. ನನ್ನ ಹತ್ತಿರ ನಾಯಿ ಇರಲಿಲ್ಲ. ಊರು ಮುಗಿಯುವವರೆಗೆ ನಡೆದರೂ ಒಂದು ಮಾತು ಬಾಯಿಂದ ಹೊರಡಲಿಲ್ಲ. ಇಷ್ಟು ಹೊತ್ತು ಮಾತಿಲ್ಲದೆ ಇದ್ದದ್ದು ನನಗೆ ನೆನಪೇ ಇಲ್ಲ. ಅಕ್ಕ ಇದನ್ನು ಮೂರು ವರ್ಷದಿಂದ ಮಾಡುತ್ತಿದ್ದಾಳಲ್ಲ ಎನ್ನಿಸಿತು.

ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಲಾಂಡ್ರಿ ಕಂಡಿತು. ಗೋಡೆಗುಂಟ ದೊಡ್ಡ ಯಂತ್ರಗಳು, ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಜಾಗ. ಗಾಜಿನ ಆಚೆ ಅಕ್ಕ ನಿಂತಿದ್ದಳು. ತಲೆಗೆ ರುಮಾಲು ಕಟ್ಟಿದ ಒಬ್ಬ ಟರ್ಕಿ ದೇಶದ ಹೆಂಗಸು, ಮತ್ತು ಅಕ್ಕ, ಒಂದು ಚಾದರದ ನಾಲ್ಕು ಮೂಲೆ ಹಿಡಿದು ಮಡಚುತ್ತಿದ್ದರು. ಹತ್ತಿರ ಬರುವುದು, ದೂರ ಹೋಗುವುದು, ಮತ್ತೆ ಹತ್ತಿರ. ಅಕ್ಕ ನಗುತ್ತಿದ್ದಳು. ಅವಳ ನಗುವನ್ನು ನಾನು ಬಂದ ಮೇಲೆ ನೋಡಿರಲೇ ಇಲ್ಲ.

ಒಳಗೆ ಹೋದೆ. ಅಕ್ಕ ಸಿಕ್ಕಿಬಿದ್ದ ಕಳ್ಳಿಯಂತೆ ಚಾದರ ಎದೆಗೆ ಒತ್ತಿಕೊಂಡಳು.

"ಮನ್ಯಾಗ ವಾಷಿಂಗ್ ಮಶೀನ್ ಅದಲ್ಲಾ?" ಎಂದೆ.

"ಅದ. ಭಾಳ ಚಲೋ ಅದ."

"ಮತ್ತ?"

"ಮನ್ಯಾಗ ಒಗದ್ರ ಯಾರ ಜೋಡಿ ಮಡಚಲಿ?"

ಆ ಹೆಂಗಸಿಗೂ ಅಕ್ಕನಿಗೂ ಸಾಮಾನ್ಯ ಭಾಷೆ ಯಾವುದೂ ಇಲ್ಲ. ಊರಿನ ಡಚ್ ಭಾಷೆ ಇಬ್ಬರಿಗೂ ಅರೆಬರೆ. ಆದರೂ ವಾರದಲ್ಲಿ ಮೂರು ನಾಲ್ಕು ದಿನ ಅಕ್ಕ ಅಲ್ಲಿಗೆ ಹೋಗುತ್ತಾಳೆ, ಒಗೆಯುವುದಿದ್ದರೂ ಇಲ್ಲದಿದ್ದರೂ. ಉಳಿದ ದಿನ ಗ್ರಂಥಾಲಯ. ಕತ್ತಲಾಗುವ ಮೊದಲು ಮನೆಗೆ ಬಂದು, ಒಂದು ದೀಪ ಹಚ್ಚಿ, ಉಂಡು ಮಲಗುತ್ತಾಳೆ. ಪೊಲೀಸಿಗೆ ಬಾಗಿಲು ಯಾಕೆ ತೆರೆಯಲಿಲ್ಲ, ಮೀಟರು ಯಾಕೆ ಓಡಲಿಲ್ಲ ಎಂಬುದಕ್ಕೆ ನನಗೆ ಅಲ್ಲಿ ಉತ್ತರ ಸಿಕ್ಕಿತು. ಸಾಕ್ಷಿ ಮಾತ್ರ ಸಿಗಲಿಲ್ಲ. ಆ ಹೆಂಗಸು ಅಕ್ಕನ ಮನೆಯನ್ನು ನೋಡಿಯೇ ಇರಲಿಲ್ಲ.

"ಒಮ್ಮೆನೂ ಕರೀಲಿಲ್ಲೇನು?"

"ಅಕಿನೂ ನನ್ನ ಕರದಿಲ್ಲ" ಎಂದು ಅಕ್ಕ ಚೀಲ ಎತ್ತಿಕೊಂಡಳು. "ಇಲ್ಲೆ ಎಲ್ಲಾ ಬಾಗಲದ ತನಕ."

ನಗರಸಭೆ

ಅಧಿಕಾರಿಣಿ ಹಳದಿ ಸ್ವೆಟರಿನ, ನಲವತ್ತರ ಆಸುಪಾಸಿನ ಹೆಂಗಸು. ತಾನೇ ಎದ್ದು ಬಂದು ನಮ್ಮ ಕೋಟು ತೆಗೆದುಕೊಂಡು ಗೂಟಕ್ಕೆ ತೂಗುಹಾಕಿದಳು. ನನ್ನ ಮೂವತ್ತು ವರ್ಷದ ವೃತ್ತಿಯಲ್ಲಿ ಯಾವ ತೆರಿಗೆ ಅಧಿಕಾರಿಯೂ ನನ್ನ ಕೊಡೆಯನ್ನೂ ಮುಟ್ಟಿದ್ದಿಲ್ಲ. ಜಗಳಕ್ಕೆಂದು ಸಿದ್ಧಮಾಡಿಕೊಂಡು ಬಂದ ಮೊದಲ ನಾಲ್ಕು ವಾಕ್ಯ ಅಲ್ಲೇ ಗೂಟಕ್ಕೆ ಹೋದವು.

"ಯಂತ್ರ ತೀರ್ಮಾನ ಮಾಡುವುದಿಲ್ಲ" ಎಂದಳು ಇಂಗ್ಲಿಷಿನಲ್ಲಿ. "ಎಲ್ಲಿ ಹೋಗಿ ನೋಡಬೇಕು ಎಂದಷ್ಟೇ ಹೇಳುತ್ತದೆ. ಮೊದಲು ನಾವು ಬೀದಿ ಬೀದಿ ಅಲೆಯುತ್ತಿದ್ದೆವು."

ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಅಕ್ಕನ ಮನೆಯ ನೀರು ಒಂದು ಗೆರೆಯಾಗಿ ಮೂರು ವರ್ಷ ಉದ್ದಕ್ಕೆ ಮಲಗಿತ್ತು. ನಾನು ಬಕೆಟ್ಟಿನ ಬಗ್ಗೆ ಹೇಳಿದೆ, ಮಗ್ಗಿನ ಬಗ್ಗೆ ಹೇಳಿದೆ, ಮಳೆನೀರಿನ ತೊಟ್ಟಿ, ಲಾಂಡ್ರಿ, ಧಾರವಾಡದ ನಳ ಎಲ್ಲ ಹೇಳಿದೆ. ಅವಳು ಪ್ರತಿಯೊಂದನ್ನೂ ಬರೆದುಕೊಂಡಳು.

"ಆದರೆ ಇವು?" ಎಂದು ಬೆರಳು ಇಟ್ಟಳು. ಮಲಗಿದ ಗೆರೆ ವರ್ಷಕ್ಕೊಮ್ಮೆ, ಒಂದೇ ಒಂದು ದಿನ, ಗೋಪುರದ ಹಾಗೆ ಎದ್ದು ಮತ್ತೆ ಮಲಗುತ್ತಿತ್ತು. ಒಂದು ವರ್ಷ ನವೆಂಬರ್ ನಡುವೆ, ಮರುವರ್ಷ ನವೆಂಬರ್ ಶುರುವಿಗೆ, ಆಮೇಲೆ ಅಕ್ಟೋಬರ್ ಕೊನೆಗೆ. "ಹುಟ್ಟುಹಬ್ಬವಾದರೆ ತಾರೀಕು ಒಂದೇ ಇರಬೇಕಿತ್ತು. ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಟಿಕೆಟ್ ಸಿಕ್ಕಾಗ ವರ್ಷಕ್ಕೊಮ್ಮೆ ಬಂದು ಮನೆ ತೊಳೆದು ಹೋಗುತ್ತಾರೆ ಎಂದು ಯಂತ್ರ ಊಹಿಸಿದೆ. ನನಗೂ ಹಾಗೇ ಅನಿಸಿತು."

ಅಕ್ಕ ತಲೆ ತಗ್ಗಿಸಿದ್ದಳು. ನಾನು ತಾರೀಕುಗಳನ್ನು ನೋಡಿದೆ. ಪ್ರತಿ ವರ್ಷವೂ ಆ ದಿನ ನಾನು ಅಕ್ಕನಿಗೆ ಫೋನು ಮಾಡಿದ್ದೇನೆ. ಕಾರ್ತಿಕ ಶುದ್ಧ ಪಂಚಮಿ, ಭಾವನ ತಿಥಿ.

ಫೋನಿನಲ್ಲಿ ಪಂಚಾಂಗ ತೆಗೆದು ಅಧಿಕಾರಿಣಿಗೆ ತೋರಿಸಿದೆ. ನಮ್ಮ ತಿಥಿ ಚಂದ್ರನನ್ನು ಹಿಡಿದು ನಡೆಯುತ್ತದೆ, ನಿಮ್ಮ ತಾರೀಕು ಸೂರ್ಯನನ್ನು. ಅದಕ್ಕೇ ವರ್ಷ ವರ್ಷ ಸರಿಯುತ್ತದೆ. ಒಂದೊಂದನ್ನೂ ಹೊಂದಿಸಿ ನೋಡಿದಳು. ಮೂರೂ ಹೊಂದಿದವು. ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿ ಕೂತೆ. ಗೆದ್ದವನ ಒರಗು ಅದು, ಒಪ್ಪಿಕೊಳ್ಳುತ್ತೇನೆ.

"ಆ ದಿನ ಏನು ಮಾಡುತ್ತೀರಿ?" ಎಂದು ಅವಳು ಅಕ್ಕನನ್ನೇ ಕೇಳಿದಳು.

ಅಕ್ಕ ಕನ್ನಡದಲ್ಲಿ ಹೇಳಿದಳು, ನಾನು ಇಂಗ್ಲಿಷಿಗೆ ತಿರುಗಿಸಿದೆ. "ಎಲ್ಲಾ ಖೋಲಿ ತಗದು ತೊಳೀತೀನಿ. ಅವತ್ತು ತೊಟ್ಟಿ ನೀರು ನಡಿಯೂದಿಲ್ಲ, ನಳದ ನೀರಽ ಬೇಕು. ತಲಿಗೆ ನೀರು ಹಾಕ್ಕೊಂಡು ಅಡಗಿ ಮಾಡ್ತೀನಿ. ವಡಿ, ಪಾಯಸ, ಅವರಿಗೆ ಸೇರ್ತಿದ್ದುದೆಲ್ಲಾ. ಭಟ್ಟರು ಯಾರೂ ಇಲ್ಲ, ನನಗ ತಿಳದ್ಹಂಗ ಮಾಡ್ತೀನಿ."

"ಯಾರು ಊಟಕ್ಕೆ ಬರುತ್ತಾರೆ?"

"ಹಿತ್ತಲದಾಗ ಎಲಿ ಹಾಕ್ತೀನಿ, ಕಾಗಿಗೆ. ಬರ್ತಾವ, ಆದ್ರ ಇಲ್ಲಿನ ಕಾಗಿ ವಡಿ ಮುಟ್ಟೂದಿಲ್ಲ. ಬ್ರೆಡ್ ಇಟ್ರ ತಿಂತಾವ."

ಇದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಅಧಿಕಾರಿಣಿ ಬರೆಯುವುದನ್ನು ನಿಲ್ಲಿಸಿ ಪೆನ್ನು ಮುಚ್ಚಿದಳು.

ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ ಎಂದಳು. ನಿಯಮದ ಪ್ರಕಾರ ಪೊಲೀಸಿನವನು ಇನ್ನೊಮ್ಮೆ ಬಂದು ನೋಡಬೇಕು, ನಾಳೆ ಬೆಳಗ್ಗೆ ಮನೆಯಲ್ಲಿರಿ. ನಾನು ಅಲ್ಲಿಗೆ ಬಿಡಲಿಲ್ಲ. ಮುಂದಿನ ವರ್ಷ ಯಂತ್ರ ಮತ್ತೆ ಇದೇ ಮನೆಯನ್ನು ಎತ್ತಿ ತೋರಿಸಿದರೆ ಅಕ್ಕ ಮತ್ತೆ ಅಲೆಯಬೇಕೆ, ಹಾಗಾಗದಂತೆ ಅದಕ್ಕೆ ತಿಳಿಸಿ ಎಂದು ಪಟ್ಟು ಹಿಡಿದೆ. ಅವಳು ಏನೋ ಒತ್ತಿದಳು. "ಆಯಿತು. ಈ ಮನೆಯ ಲೆಕ್ಕ ಹೀಗೇ ಇರುತ್ತದೆ ಎಂದು ಹಾಕಿದ್ದೇನೆ. ಇನ್ನು ಅದು ನಿಮ್ಮ ಮನೆಯ ಗೊಡವೆಗೆ ಬರುವುದಿಲ್ಲ."

ಮೆಟ್ಟಿಲಿಳಿಯುತ್ತ ನಾನು ಸಿಳ್ಳೆ ಹಾಕಿದೆ. ಅಕ್ಕ ಕೋಟಿನ ಗುಂಡಿ ಹಾಕುವುದರಲ್ಲಿದ್ದಳು.

ಹೊರಡುವ ದಿನ

ಶುಕ್ರವಾರ ನನ್ನ ವಿಮಾನ ಸಂಜೆಗೆ. ಅಕ್ಕ ಬೆಳಕು ಹರಿಯುವಾಗಲೇ ಎದ್ದು ಹಬ್ಬದ ಹಾಗೆ ಓಡಾಡಿದಳು. ಮುಚ್ಚಿದ್ದ ಕೋಣೆಗಳನ್ನೆಲ್ಲ ತೆರೆದಳು, ಕಿಟಕಿಯ ಗಾಜು ಒರೆಸಿದಳು, ನಾನು ಪುಣೆಯಿಂದ ತಂದ ತೆಳು ಅವಲಕ್ಕಿಗೆ ಶೇಂಗಾ ಹಾಕಿ ಒಗ್ಗರಣೆ ಕೊಟ್ಟಳು. ಪೊಲೀಸಿಗೆ ಅವಲಕ್ಕಿ ಯಾಕೆ ಎಂದರೆ, "ಮನಿಗೆ ಬರ್ಲಿಕತ್ತಾರ, ಖಾಲಿ ಕೂಡಸಲೇನು?" ಎಂದಳು. ಸಾದಾ ಸೀರೆ ಬಿಟ್ಟು ಇಳಕಲ್ ಸೀರೆ ಉಟ್ಟಿದ್ದಳು.

ಅವನು ಸೈಕಲ್ ಮೇಲೆ ಬಂದ. ಅಗಲ ಮುಖದ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಹಾಸಿಗೆ ನೋಡಿದ, ಒಲೆ ನೋಡಿದ, ಬಚ್ಚಲಿಗೆ ಹೋಗಿ ಬಕೆಟ್ಟು ನೋಡಿದ. ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಅಕ್ಕ ತಟ್ಟೆ ತಂದು ಮೇಜಿನ ಮೇಲೆ ಇಟ್ಟುಬಿಟ್ಟಳು. ಅವನು ನಿಂತೇ ಒಂದು ಚಮಚ ಬಾಯಿಗೆ ಹಾಕಿಕೊಂಡ, ಆಮೇಲೆ ಟೋಪಿ ತೆಗೆದು ಕೂತ. ಮೆಣಸಿನಕಾಯಿಗೆ ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ. ಚಹಾ ಎರಡು ಸಲ ಹಾಕಿಸಿಕೊಂಡ. ಮಗ್ಗಿನಲ್ಲಿ ನೀರು ಹೇಗೆ ಹಾಕಿಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ ಅಕ್ಕ ಚಹಾದ ಕಪ್ಪು ಹಿಡಿದು ಹೆಗಲ ಮೇಲಿಂದ ಅಭಿನಯಿಸಿ ತೋರಿಸಿದಳು. ಅವನು ದೊಡ್ಡದಾಗಿ ನಕ್ಕ. ಆ ಮನೆಯಲ್ಲಿ ಗಂಡಸಿನ ನಗು ಕೇಳಿ ಎಷ್ಟು ದಿನವಾಗಿತ್ತೋ, ಅಕ್ಕ ಒಂದು ಕ್ಷಣ ಕಪ್ಪು ಹಿಡಿದೇ ನಿಂತಳು.

ನಾನು ಸೂಟ್‌ಕೇಸು ಮುಚ್ಚುವುದರಲ್ಲಿದ್ದೆ. ಅಕ್ಕ ಅವನನ್ನು ಬಾಗಿಲ ತನಕ ಬಿಟ್ಟುಬರಲು ಹೋದಳು. ಅವನು ಸೈಕಲ್ ಹಿಡಿದುಕೊಂಡ ಮೇಲೆ ಅವಳು ಏನೋ ಕೇಳಿದಳು, ಅವನ ಭಾಷೆಯಲ್ಲಿ, ಒಂದೊಂದೇ ಶಬ್ದ ಜೋಡಿಸಿ. ಅವನು ಟೋಪಿ ಹಾಕಿಕೊಂಡ. ಆಮೇಲೆ ಮೆಲ್ಲಗೆ ಏನೋ ಹೇಳಿ, ಕೈ ಕುಲುಕಿ ಹೋದ.

"ಏನ್ ಕೇಳಿದಿ ಅಂವಗ?" ಎಂದೆ.

"ಮತ್ತ ಯಾವಾಗ ಬರ್ತೀರಿ ಅಂತ ಕೇಳಿದೆ."

"ಏನಂದ?"

"ಎಲ್ಲಾ ಸರಿ ಆಗೇದಂತ. ಇನ್ನ ಬರೂ ಕಾರಣ ಇಲ್ಲಂತ" ಎಂದು ಅಕ್ಕ ಮೇಜಿನ ಮೇಲಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.